ಮಹಡಿ ಮನೆ ಅಕ್ಕನ ಬೊಂಬೆಗಳು

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಬಜೆಬೇರು, ಲವಂಗದ ವಾಸನೆ ಬಂತು. ಮಹಡಿ ಮನೆ ಅಕ್ಕನ ಸೀರೆಯ ವಾಸನೆಯೂ ಅದೇ... ಚಾಮರಾಜಪೇಟೆಯ ಈ ವಠಾರದಲ್ಲಿ ಅವರು ಮೇಲೆ, ನಾನು ಕೆಳಗೆ. ನಾನು ಮನೆಮನೆಗೆ ಸೀರೆ ಹೊತ್ತು ಮಾರಿ, ಆಮೇಲೆ ಅಂಗಡಿ ಇಟ್ಟವಳು. ಅವರು ಮ್ಯೂಸಿಯಂನಲ್ಲಿ ಹಳೆಯ ವಸ್ತುಗಳಿಗೆ ಹುಳ ಹಿಡಿಯದಂತೆ ನೋಡಿಕೊಳ್ಳುವ ಕೆಲಸದಲ್ಲಿದ್ದರು.

ಅವರ ವಾರವೇ ತಲೆಕೆಳಗು. ಭಾನುವಾರ ಊರಿಗೆಲ್ಲ ರಜ, ಅವರು ಡಬ್ಬಿ ಹಿಡಿದು ಬಸ್ಸಿಗೆ ಓಡುತ್ತಿದ್ದರು. ಸೋಮವಾರ ಮ್ಯೂಸಿಯಂಗೆ ರಜ, ಆಗ ಗಂಡ ಆಫೀಸಿಗೆ, ಮಗಳು ಸ್ಕೂಲಿಗೆ. ಬಟ್ಟೆ ಒಗೆದು, ವಾರಕ್ಕೆಲ್ಲ ಹುಳಿಪುಡಿ ಕುಟ್ಟಿಟ್ಟು, ಮಧ್ಯಾಹ್ನ ಕಿಟಕಿಯ ಪಕ್ಕ ಚಾಪೆ ಹಾಸಿ ಕೂತರೆ ಅದೊಂದೇ ಅವರ ಸ್ವಂತದ ಹೊತ್ತು. ದಸರಾ ಬೊಂಬೆಗಳ ರಿಪೇರಿ ಅವರ ಹುಚ್ಚು. ಬೀದಿಯವರೆಲ್ಲ ಮುರಿದದ್ದನ್ನು ತಂದು ಒಪ್ಪಿಸುತ್ತಿದ್ದರು.

ಮದುವೆಯಲ್ಲಿ ತವರಿನವರು ಕೊಟ್ಟ ನನ್ನ ಪಟ್ಟದ ಬೊಂಬೆಗಳಲ್ಲಿ ರಾಜನ ಮೂಗು ಹಾರಿಹೋಗಿತ್ತು. ಬಿರುಕೆಲ್ಲ ಮುಚ್ಚಿ ಕೊಟ್ಟರು, ಮೂಗು ಮಾತ್ರ ಇಡಲಿಲ್ಲ.

"ಒಂದು ಮೂಗು ಇಟ್ರೆ ನಿಮ್ಮ ಗಂಟೇನು ಹೋಗುತ್ತೆ ಅಕ್ಕಾ?"

"ಬಿದ್ದಿದ್ದು ಸಿಕ್ರೆ ಅಂಟಿಸ್ತೀನಿ. ಇಲ್ದೇ ಇರೋದನ್ನ ಹೊಸದಾಗಿ ಮಾಡಿಡೋದು ನಮ್ಮ ಮ್ಯೂಸಿಯಂ ಕೆಲಸದಲ್ಲಿ ತಪ್ಪು ಕಣ್ರೀ."

"ಪಾಪ, ರಾಣಿ ಎಷ್ಟು ವರ್ಷ ಆ ಮುಖ ನೋಡ್ಬೇಕು?"

"ನಾವೆಲ್ಲ ನೋಡ್ತಿಲ್ವಾ!" ಎಂದು ನಕ್ಕಿದ್ದರು.

ಆದರೆ ಅವರ ಮನೆಯಲ್ಲಿ ಮಾತ್ರ ಬೊಂಬೆ ಕೂರಿಸುತ್ತಿರಲಿಲ್ಲ. ಅವರ ತಾಯಿಯ ಬೊಂಬೆಗಳು ಈ ಟ್ರಂಕಿನಲ್ಲೇ ಇದ್ದವು. ದಸರಾ ರಜೆಯಲ್ಲಿ ಮ್ಯೂಸಿಯಂಗೆ ಜನ ನುಗ್ಗುತ್ತಾರೆ, ಇವರಿಗೆ ರಜೆ ಇಲ್ಲ. ತಾವಿಲ್ಲದಾಗ ಮಕ್ಕಳು ಮುಟ್ಟಿ ಏನಾದರೂ ಆದರೆ ಎಂಬ ದಿಗಿಲು ಬೇರೆ. ಮಗಳು ಪ್ರತಿವರ್ಷ ಕೇಳುತ್ತಿದ್ದಳು. "ರಿಟೈರ್ ಆಗ್ಲಿ ಪುಟ್ಟೀ, ಒಂಬತ್ತು ದಿನಾನೂ ಕೂರ್ಸೋಣ" ಎನ್ನುತ್ತಿದ್ದರು. ಅವಳು ಕೆಳಗಿಳಿದು ಬಂದು ನಮ್ಮ ಮನೆಯ ಬೊಂಬೆ ಜೋಡಿಸುತ್ತಿದ್ದಳು.

ನಾನು ಸುಮ್ಮನಿರುವವಳಲ್ಲ. "ಒಂಬತ್ತು ಯಾಕೆ, ಸೋಮವಾರ ಒಂದೇ ದಿನ ಕೂರ್ಸಿ. ದೇವರ ಹತ್ರಾನೂ ಚೌಕಾಸಿ ಮಾಡೋದು ಕಲೀಬೇಕು" ಎಂದೆ. ಸಿಕ್ಕಷ್ಟನ್ನು ಮೊದಲು ಕೈಗೆ ತೆಗೆದುಕೊಳ್ಳಬೇಕು, ಉಳಿದದ್ದಕ್ಕೆ ಆಮೇಲೆ ಜಗ್ಗಾಡಬೇಕು. ಈಗಲೂ ಎಲ್ಲರಿಗೂ ನಾನು ಹೇಳುವುದು ಇದನ್ನೇ. ಅಕ್ಕನಿಗೆ ಅರ್ಧಂಬರ್ಧ ಒಗ್ಗುತ್ತಿರಲಿಲ್ಲ...

ರಿಟೈರಾದ ಬೇಸಿಗೆಯಲ್ಲೇ ಕಾಯಿಲೆ ಬಿದ್ದರು. ದಸರಾ ಹೊತ್ತಿಗೆ ಅವರಿರಲಿಲ್ಲ.

ಮಗಳೀಗ ವೈಯಾಲಿಕಾವಲ್‌ನಲ್ಲಿದ್ದಾಳೆ. ಹೋದ ವಾರ ಆಟೋದಲ್ಲಿ ಟ್ರಂಕು ತಂದಿಳಿಸಿದಳು. "ನೀವೇ ಇಟ್ಕೊಳಿ ಆಂಟಿ."

"ನಿಮ್ಮನೇಲಿ ಕೂರ್ಸೇ, ನಾನ್ ಬಂದು ಜೋಡಿಸ್ಕೊಡ್ತೀನಿ."

"ಬೇಡ ಆಂಟಿ. ದಸರಾ ಅಂದ್ರೆ ನಂಗೆ ನಿಮ್ಮನೇನೇ ನೆನಪಾಗೋದು. ಇದನ್ನ ನೋಡಿದ್ರೆ ಮುಟ್ಬೇಡ ಅಂತ ಅಮ್ಮ ಬೈದಿದ್ದಷ್ಟೇ."

ಒಂದೇ ದಿನ ಎಂದೆ. ಒಂದೇ ಜೋಡಿ ಎಂದೆ. ಎಂಥೆಂಥ ಗಿರಾಕಿಗಳನ್ನು ಒಪ್ಪಿಸಿದ ಬಾಯಿ ಇದು... ಅವಳು ಒಪ್ಪಲಿಲ್ಲ.

ಈವತ್ತು ಸುತ್ತಿಟ್ಟ ತೆಳು ಮಲ್ಲುಬಟ್ಟೆ ಬಿಚ್ಚಿ ಅಕ್ಕನ ರಾಜ ರಾಣಿಯರನ್ನು ನನ್ನ ಮೂಗಿಲ್ಲದ ರಾಜನ ಪಕ್ಕ ಇಟ್ಟೆ. ಆ ರಾಣಿಯ ತುಟಿಯ ಕೆಂಪು ಇನ್ನೂ ಹಾಗೇ ಇದೆ. ಎಲ್ಲೂ ಒಂದು ಗೀರಿಲ್ಲ. ಒಂದು ಮಗುವಿನ ಕೈಯೂ ತಾಗಿಲ್ಲ.