ಶಶಿ ಚಿಕ್ಕಮ್ಮನ ಅಂಡರ್‌ಆರ್ಮ್

ಮಣಿಪಾಲದ ಈ ಫ್ಲ್ಯಾಟಿನ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಮಕ್ಕಳು ಟೆನ್ನಿಸ್ ಚೆಂಡು ಕುಟ್ಟುವ ಸದ್ದು ಕೇಳಿದರೆ ಸಾಕು, ದಣಿದ ಮನಸ್ಸು ಉದ್ಯಾವರದ ನಮ್ಮ ಹಳೆಯ ಅಂಗಳಕ್ಕೆ ಹೋಗಿ ಕೂತುಬಿಡುತ್ತದೆ. ಸೆಗಣಿ ಸಾರಿಸಿದ ಆ ನೆಲದಲ್ಲಿ ಚೆಂಡು ಮೆತ್ತಗೆ ಪುಟಿಯುತ್ತಿತ್ತು. ರಸ್ತೆಯ ಕಡೆ ಬಿಟ್ಟು ಮೂರು ಕಡೆಯೂ ಹೆಂಚಿನ ಮಾಡು. ಹಾಗಾಗಿ ಅಜ್ಜಿಯ ಕಾನೂನು ಒಂದೇ: ಬೌಲ್ ಮಾಡುವವರ ಕೈ ಭುಜದಿಂದ ಮೇಲೆ ಏಳಕೂಡದು. ಸೊಂಟದ ಕೆಳಗಿನಿಂದ ಕೈ ಬೀಸಿ ಚೆಂಡು ಬಿಡುವ ಅಂಡರ್‌ಆರ್ಮ್ ಮಾತ್ರ. ನಮ್ಮ ಕಡೆ ಇಂದಿಗೂ ಅದರದ್ದೇ ಟೂರ್ನಮೆಂಟುಗಳು ನಡೆಯುತ್ತವೆ ಬಿಡಿ.

ನಮಗೆ ಅದನ್ನು ಕಲಿಸಿದವಳು ಶಶಿ ಚಿಕ್ಕಮ್ಮ, ಅಪ್ಪನ ತಮ್ಮನ ಹೆಂಡತಿ. ಮದುವೆಗೆ ಮುಂಚೆ ಕಾಲೇಜಿನ ಕ್ರಿಕೆಟ್ ತಂಡದಲ್ಲಿ ಓಡಿಬಂದು, ಕೈ ಎತ್ತಿ ವೇಗವಾಗಿ ಬೌಲ್ ಮಾಡುತ್ತಿದ್ದವಳು. ಚಿಕ್ಕಪ್ಪ ದುಬೈಯಲ್ಲಿ, ಇವಳು ನಮ್ಮ ಅಂಗಳದಲ್ಲಿ. ಅಡುಗೆ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳೆಂದರೆ ಗಂಡುಹುಡುಗರ ಸ್ಟಂಪು ಉಳಿಯುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬೇಕು. ಒಮ್ಮೆ ಹೇಳಿದಳು: "ಮೊದಲು ಎಲ್ಲರೂ ಹಾಕುತ್ತಿದ್ದದ್ದು ಅಂಡರ್‌ಆರ್ಮೇ, ಗೊತ್ತುಂಟಾ? ಇಂಗ್ಲೆಂಡಿನಲ್ಲಿ ಒಬ್ಬಳು ಅಣ್ಣನಿಗೆ ಬೌಲ್ ಮಾಡುವಾಗ ಅಗಲದ ಲಂಗ ಕೈಗೆ ಅಡ್ಡ ಬಂತಂತೆ. ಕೈ ಎತ್ತಿ ಹಾಕಿದಳಂತೆ. ಮತ್ತೆ ಗಂಡಸರೆಲ್ಲ ಅದನ್ನೇ ಕಲಿತದ್ದು." ನಿಜವೋ ಕಟ್ಟುಕತೆಯೋ, ನಾವಂತೂ ನಂಬಿದೆವು.

"ಹಾಗಾದರೆ ನೀನೂ ಎತ್ತು ಚಿಕ್ಕಮ್ಮ!" ಎಂದೆ.

"ನನಗೆ ಅಡ್ಡ ಬರುವುದು ಲಂಗ ಅಲ್ಲ ಮಾರಾಯ್ತಿ, ಹೆಂಚು. ಇಲ್ಲಿ ಒಂದು ಸಲ, ಒಂದೇ ಸಲ ಕೈ ಎತ್ತಿ ಹಾಕಬೇಕು ಅಂತ ಆಸೆ ಉಂಟು."

ಜಗಲಿಯಿಂದ ಅಜ್ಜಿ ಗದರಿದಳು: "ಎಂತ ಆಸೆ ಅದು! ಹೆಂಚು ಒಡೆದರೆ ಮಾಡು ಹತ್ತುವವರು ಯಾರು?" ಚಿಕ್ಕಮ್ಮ ನಕ್ಕಳು. ನನಗೆ ಮಾತ್ರ ಅವಳ ಆ ಒಂದು ಆಸೆಯೂ ನಡೆಯದಲ್ಲ ಎಂದು ಅಳು ಬಂತು.

ವರ್ಷಗಳು ಸವೆದವು. ಅಜ್ಜಿ ತೀರಿಕೊಂಡಳು, ಹುಡುಗರು ಚದುರಿದರು, ಹೆದ್ದಾರಿ ಅಗಲವಾಗುತ್ತದೆಂದು ಮನೆಗೂ ಗುರುತು ಬಿತ್ತು. ಕೆಡವುವ ಮುನ್ನಾದಿನ ಹೆಂಚೆಲ್ಲ ಇಳಿಸಿ ಲಾರಿಯಲ್ಲಿ ಕಳಿಸಿಯಾಗಿತ್ತು. ಅಂಗಳದಲ್ಲಿ ನಿಂತಿದ್ದ ಚಿಕ್ಕಮ್ಮನ ಕೈಗೆ ಚೆಂಡು ಕೊಟ್ಟು, "ಈಗ ಎತ್ತಿ ಹಾಕು, ಯಾರೂ ಬೈಯುವುದಿಲ್ಲ," ಎಂದೆ. ಅವಳ ಮುಖ ಅರಳಿತು. ಹಿಂದೆ ಸರಿದು, ಸೆರಗು ಸಿಕ್ಕಿಸಿ, ಓಡಿಯೇ ಬಂದಳು. ಕೈ ಭುಜದವರೆಗೆ ಬಂದು ನಿಂತುಬಿಟ್ಟಿತು. ಹಲ್ಲು ಕಚ್ಚಿ ಇನ್ನೊಮ್ಮೆ ಎತ್ತಿ ನೋಡಿದಳು.

"ಏಳುವುದಿಲ್ಲ ಮಾರಾಯ್ತಿ. ಭುಜ ಹಿಡಿದು ಎಷ್ಟೋ ಸಮಯ ಆಯಿತು. ತಲೆ ಬಾಚಲಿಕ್ಕೂ ಆಗುವುದಿಲ್ಲ, ನಿಮಗೆ ಹೇಳಲಿಲ್ಲ ಅಷ್ಟೆ."

ಆಮೇಲೆ ಚೆಂಡನ್ನು ಕೆಳಗಿನಿಂದಲೇ ಬೀಸಿ ಬಿಟ್ಟಳು. ಎದುರಿಗೆ ಬ್ಯಾಟು ಹಿಡಿದವರು ಯಾರೂ ಇರಲಿಲ್ಲ. ಅದು ಅಂಗಳ ದಾಟಿ ರಸ್ತೆಯತ್ತ ಉರುಳಿತು. ತರಲು ನಾವಿಬ್ಬರೂ ಹೋಗಲಿಲ್ಲ.