ಮೇಷ್ಟ್ರು ಆರಿಸಿಕೊಟ್ಟ ಮಾತು

ನಮ್ಮ ನಾಟಕದ ಮೇಷ್ಟ್ರಿಗೆ ತುಟಿ ಮುಚ್ಚುವಷ್ಟು ದಪ್ಪ ಮೀಸೆ. ಅದರ ಮೇಲೆಯೇ, ಎಡ ಹೊಳ್ಳೆಯಲ್ಲಿ, ಮೂಗುಬಟ್ಟಿನ ತೂತು. ಹುಡುಗನಾಗಿದ್ದಾಗ ಕಂಪನಿ ನಾಟಕದಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದರಂತೆ. ಗಂಟಲು ಒಡೆದ ಮೇಲೆ ಅವರನ್ನು ಪರದೆ ಎಳೆಯಲು ಹಾಕಿದರು. ಅಂದು ಬಿಟ್ಟು ಬಂದವರು ಮತ್ತೆ ಕಂಪನಿಯ ರಂಗ ಹತ್ತಿರಲಿಲ್ಲ. ಅಜ್ಜಂಪುರದಲ್ಲಿ ನೆಲೆ ನಿಂತು ಸುತ್ತಲ ಹಳ್ಳಿಗಳಿಗೆ ಬಯಲಾಟ ಕಲಿಸುತ್ತಿದ್ದರು.

ನಾನು ಅಲ್ಲೇ ಮಂಡಿಯೊಂದರಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದೆ. ಶಾಲೆಯನ್ನು ಬೇಗ ಬಿಟ್ಟವನು ನಿಜ. ಆದರೆ ನನ್ನಷ್ಟು ಕಾಯಿ ಸುಲಿಯುವವನು ಆ ಮಂಡಿಯಲ್ಲಿರಲಿಲ್ಲ. ಬಯಲಾಟದಲ್ಲಿ ನನ್ನ ಗಂಟಲು ಊರಾಚೆಗೂ ಕೇಳುತ್ತಿತ್ತು. ತರೀಕೆರೆಯಲ್ಲಿ ಒಂದು ಕಂಪನಿ ಮೊಕ್ಕಾಂ ಮಾಡಿದೆ, ಹೊಸ ನಟರನ್ನು ಪರೀಕ್ಷಿಸಿ ತೆಗೆದುಕೊಳ್ಳುತ್ತಾರೆ ಎಂದು ಕೇಳಿದ ಮೇಲೆ ನನಗೆ ಅದೇ ಧ್ಯಾನ. ಕಾಯಿ ಸುಲಿದೇ ಮುದುಕನಾಗಬಾರದು ಎಂಬುದೊಂದೇ ಆಸೆ.

“ರಾಜನ ಮಾತು ಹೇಳ್ತೀನಿ ಮೇಷ್ಟ್ರೇ,” ಎಂದೆ.

“ಅಲ್ಲಿಗೆ ಬರೋರೆಲ್ಲ ರಾಜರೇ ಕಣೋ. ಕೇಳಿ ಕೇಳಿ ಕಂಪನಿ ಯಜಮಾನ್ರಿಗೆ ಸಾಕಾಗಿರ್ತದೆ.”

ಮಾತು ಆರಿಸುವುದಕ್ಕೆ ಅವರದೇ ಒಂದು ಕ್ರಮ. ಮಂಡಿಗೇ ಬಂದು, ಸಿಪ್ಪೆಯ ರಾಶಿಯ ಮೇಲೆ ಕೂತು, ಒಂದೊಂದು ಪಾತ್ರದ ಮಾತನ್ನು ಬಾಯಿಪಾಠ ಮಾಡಿಸುವರು. ನಾನು ಕಾಯಿ ಸುಲಿಯುತ್ತಲೇ ಒಪ್ಪಿಸಬೇಕು. ರಾಜನ ಮಾತು ಬಂದಾಗ ನಾನು ಕಾಯಿ ಬಿಟ್ಟು ಎದೆ ಸೆಟೆಸಿ ನಿಂತೆ.

“ಕೈ ನಿಂತೋಯ್ತು. ಅದು ನಿಂದಲ್ಲ, ಬಿಡು.”

ರಾಕ್ಷಸನ ಮಾತಿಗೂ ಹಾಗೆಯೇ ಆಯಿತು. ಕೊನೆಗೆ ಬಂದದ್ದು ಅರಮನೆಯ ಬಾಗಿಲು ಕಾಯುವ ಮುದುಕನದು. ಯುದ್ಧದಲ್ಲಿ ರಾಣಿಯ ಮಗ ಮಡಿದ ಸುದ್ದಿಯನ್ನು ಅವನು ಅವಳಿಗೆ ಹೇಳಬೇಕು, ನಾಲಿಗೆ ಏಳದು. ಆ ಮಾತು ಮುಗಿದಾಗ ನೋಡುತ್ತೇನೆ, ಪಕ್ಕದಲ್ಲಿ ಸುಲಿದ ಕಾಯಿಯ ಗುಡ್ಡೆ ಬಿದ್ದಿದೆ.

“ಇದು,” ಎಂದರು ಮೇಷ್ಟ್ರು.

“ಬಾಗ್ಲು ಕಾಯೋನ್ದಾ? ಊರೋರ ಮುಂದೆ ತಲೆ ಎತ್ತೋದು ಹೆಂಗೆ?”

“ಊರೋರ ಹತ್ರ ಇಂದ್ರ ಅಂತ ಹೇಳ್ಕೋ ಹೋಗ್ಲಿ. ಯಾರು ನೋಡೋಕೆ ಬತ್ತಾರೆ?”

ಬೀರೂರಿನಲ್ಲಿ ರೈಲು ಬದಲಿಸಿ ಇಬ್ಬರೂ ತರೀಕೆರೆಗೆ ಹೋದೆವು. ಮೇಷ್ಟ್ರು ತಗಡಿನ ಥಿಯೇಟರಿನ ಬಾಗಿಲಲ್ಲೇ ನಿಂತುಬಿಟ್ಟರು. ನನಗಿಂತ ಮೊದಲು ಹೋದವರೆಲ್ಲ ರಾಜರೇ. ಅವರ ಗರ್ಜನೆಗೆ ತಗಡು ಝಲ್ಲೆನ್ನುತ್ತಿತ್ತು; ಯಜಮಾನರು ಕಿವಿ ಉಜ್ಜಿಕೊಂಡು “ಸಾಕಪ್ಪಾ” ಎಂದು ಕಳಿಸುತ್ತಿದ್ದರು.

ನನ್ನ ಸರದಿ ಬಂತು. ರಂಗದ ಮೇಲೆ ಕೈಮುಗಿದು ನಿಂತೆ. ನಿಂತೇ ಇದ್ದೆ.

“ಮರ್ತೋಯ್ತೇನಪ್ಪಾ?” ಎಂದರು ಯಜಮಾನರು.

“ಮರ್ತಿಲ್ಲ ಸ್ವಾಮಿ. ನೀವು ‘ಬಂದವರು ಯಾರು’ ಅಂತ ನನ್ನ ಕೇಳ್ಬೇಕು.”

ನಮ್ಮ ಬಯಲಾಟದಲ್ಲಿ ಪಾತ್ರ ರಂಗಕ್ಕೆ ಬಂದರೆ ತಾನಾಗಿ ಬಾಯಿ ಬಿಡುವಂತಿಲ್ಲ. ಸಾರಥಿಯೊಬ್ಬ ಎದುರು ನಿಂತು ‘ಬಂದವರು ಯಾರು’ ಎಂದು ಕೇಳಬೇಕು, ಆಮೇಲೆಯೇ ಮಾತು. ಕಂಪನಿಯಲ್ಲಿ ಹಾಗೆ ಕೇಳುವವರಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಹೇಳಿಕೊಡಬೇಕೆಂದು ಮೇಷ್ಟ್ರಿಗೂ ಹೊಳೆದಿರಲಿಲ್ಲ. ಎಲ್ಲರೂ ನಕ್ಕರು. “ಬಯಲಾಟದ ಗಿರಾಕಿ. ಮುಂದಿನೋರ್ನ ಕರೀರಿ,” ಎಂದರು ಯಜಮಾನರು.

ಆಗ ಮೇಷ್ಟ್ರು ಬಾಗಿಲಿಂದ ಬಂದು, ಚಪ್ಪಲಿ ಕಳಚಿ, ರಂಗ ಹತ್ತಿದರು. ಹೆಗಲ ಮೇಲಿನ ವಲ್ಲಿಯನ್ನು ತಲೆಗೆ ಸೆರಗಿನಂತೆ ಎಳೆದುಕೊಂಡು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಯಾಕಪ್ಪಾ ಅಲ್ಲೇ ನಿಂತೆ? ನನ್ನ ಮಗ ಬಂದನೇ?”

ಆ ಮೀಸೆ ನೋಡಿ ಯಾರೂ ನಗಲಿಲ್ಲ. ನನಗಂತೂ ಮೀಸೆ ಕಾಣಲೇ ಇಲ್ಲ. ಬಾಯಿ ತಾನಾಗಿ ತೆರೆಯಿತು.

ಮುಗಿದ ಮೇಲೆ ಯಜಮಾನರು, “ಸೋಮವಾರ ಹಾಸಿಗೆ ತಗೊಂಡು ಬಾ,” ಎಂದರು. ಮೇಷ್ಟ್ರನ್ನು ನೋಡಿ, “ನೀವೂ ಬರಬಹುದು,” ಎಂದರು.

“ನಂದು ಆಯ್ತು ಸ್ವಾಮಿ,” ಎಂದು ಮೇಷ್ಟ್ರು ಕೆಳಗಿಳಿದರು.

ಹೊರಗೆ ಬಂದು ಹೋಟೆಲಿನ ಜಗಲಿಯಲ್ಲಿ ಕೂತು ಕಾಫಿ ಕುಡಿದೆವು. “ಎಷ್ಟು ಹಗುರಾಯ್ತು ಗೊತ್ತೇನೋ,” ಎಂದರು ಮೇಷ್ಟ್ರು. “ಆ ಪರದೆ ಹಗ್ಗ ಇನ್ನೂ ಕೈಲೇ ಅದೆ ಅನ್ಸೋದು. ಇವತ್ತು ಬಿಟ್ಟೆ.”

ಬಣ್ಣ ಹಚ್ಚಿಯೇ ನಾನು ಸಂಸಾರ ಸಾಕಿದೆ. ದೊಡ್ಡ ಪಾತ್ರಗಳೂ ಬಂದವು. ಮೇಷ್ಟ್ರು ತೀರಿಕೊಂಡಾಗ ನಮ್ಮ ಮೊಕ್ಕಾಂ ದೂರದಲ್ಲಿತ್ತು, ಸುದ್ದಿ ತಡವಾಗಿ ಬಂತು. ಅಜ್ಜಂಪುರಕ್ಕೆ ಹೋಗಿ, ಯಾಕಮ್ಮಾ ಹೇಳಿ ಕಳಿಸಲಿಲ್ಲ ಎಂದು ಅವರ ಹೆಂಡತಿಯನ್ನು ಕೇಳಿದೆ.

“ಹಾಸಿಗೆ ಹಿಡಿದಾಗ ಅವರೇ ಬ್ಯಾಡ ಅಂದ್ರು ಕಣಪ್ಪಾ,” ಎಂದರು ಆ ತಾಯಿ. “‘ತಿಳಿದ್ರೆ ಆಟ ಬಿಟ್ಟು ಬಂದ್ಬಿಡ್ತಾನೆ’ ಅಂದ್ರು.”

ಅವರು ಹೋದ ದಿನ ನಾನು ಆಟ ಬಿಟ್ಟಿರಲಿಲ್ಲ. ಅದನ್ನು ನೆನೆದಾಗಲೆಲ್ಲ, ದುಃಖದ ಜೊತೆಗೇ, ಮನಸ್ಸಿಗೊಂದು ಸಮಾಧಾನ.