ಇಂಜಿನ್ನಿನ ಟಿಕ್‌ಟಿಕ್ ಇದ್ದಷ್ಟು ದಿನ

ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿಯವರಿಗೆ ರೇಸಿನ ಕಾರು ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೆಂಗಳೂರಿನಲ್ಲಿ ಯಾರೋ ರೇಸಿಗೆಂದು ಇಂಜಿನ್ ತಿದ್ದಿಸಿ, ಓಡಿಸಿ ಸಾಕಾಗಿ ಮಾರಿದ ಕೆಂಪು ಗಾಡಿಯನ್ನು ನಮ್ಮ ಯಜಮಾನರು ಚಿಂತಾಮಣಿಗೆ ತಂದು ಮನೆ ಮುಂದೆ ನಿಲ್ಲಿಸಿದರು. ಅಗಲ ಟೈರು, ಟರ್ಬೊ, ನನ್ನ ಮುಷ್ಟಿ ಹಿಡಿಸುವಷ್ಟು ದಪ್ಪ ಸೈಲೆನ್ಸರ್. ಅಂಗಡಿಯಲ್ಲಿ ಗಿರಾಕಿಗೆ ನಿಧಾನವಾಗಿ ಮಾತಾಡುವ ಮನುಷ್ಯ, ಸ್ಟೀರಿಂಗ್ ಹಿಡಿದರೆ ಬೇರೆಯೇ ಆಗಿಬಿಡುತ್ತಿದ್ದರು.

ಒಂದು ಭಾನುವಾರ ಶಿಡ್ಲಘಟ್ಟ ರಸ್ತೆಯ ತಿರುವಿನಲ್ಲಿ ಟೊಮೆಟೊ ಲಾರಿಯನ್ನು ಹಿಂದೆ ಹಾಕಲು ಹೋದರು. ಎದುರಿಗೆ ಜೀಪು. ಹಿಂದಿನ ಸೀಟಿನಲ್ಲಿ ನಮ್ಮ ಮಗಳು, ಆಗ ಒಂದನೇ ಕ್ಲಾಸು. ನಾನು ಕಿರುಚಿದೆ. ಅವರು ಮಾತ್ರ ನಕ್ಕರು.

"ಗಾಡೀಲಿ ಪವರ್ ಇದೆ ಕಣೆ, ನೀನ್ಯಾಕೆ ಹೆದರ್ತೀಯ?"

ನಾನು ಬೈದೆ, ಕಣ್ಣೀರು ಹಾಕಿದೆ, ಮಾತು ಬಿಟ್ಟೆ. ಏನೂ ನಾಟಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಇಂಜಿನ್ನಿನೊಳಗಿಂದ ಟಿಕ್ ಟಿಕ್ ಅಂತ ಸದ್ದು ಶುರುವಾಯಿತು. ಯಾರೋ ಒಳಗೆ ಕೂತು ಚಮಚದಿಂದ ಲೋಟ ಬಡಿಯುತ್ತಿದ್ದ ಹಾಗೆ. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಜೋರು, ಬಿಟ್ಟರೆ ಸದ್ದೂ ನಿಧಾನ. ಹೆಂಡತಿ ಕಿರುಚಿದರೆ ಜಗ್ಗದ ಮನುಷ್ಯ ಬಾನೆಟ್ ಎತ್ತಿಟ್ಟು ತಲೆ ಮೇಲೆ ಕೈಹೊತ್ತು ಕೂತರು. ನನ್ನ ಪಿತ್ತ ನೆತ್ತಿಗೇರಿತು.

ಚಿಂತಾಮಣಿಯ ಮೆಕ್ಯಾನಿಕ್ ವಾಲ್ವಿನ ಟ್ಯಾಪೆಟ್ ಸಡಿಲಾಗಿ ಬರೋ ಸೌಂಡು ಅಂದ, ಟ್ಯಾಪೆಟ್ ಸೆಟ್ ಮಾಡಿದ, ಸದ್ದು ಹೋಗಲಿಲ್ಲ. ಶಿಡ್ಲಘಟ್ಟದಲ್ಲಿ ಗ್ಯಾರೇಜ್ ಇಟ್ಟಿದ್ದ ಸಾಹೇಬರು ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಅಲ್ಲಲ್ಲಿ ಕೇಳಿದರು.

"ಗೊತ್ತಾಗ್ತಿಲ್ಲ ಸಾರ್. ಬೇರಿಂಗ್ ಇದ್ರೂ ಇರಬೋದು. ಇಂಜಿನ್ ಇಳಿಸಿ ಬಿಚ್ಚಿದ್ರೇನೇ ಹೇಳಕ್ಕಾಗೋದು. ಅಲ್ಲೀವರ್ಗೂ ಅರವತ್ತು ದಾಟಿಸ್ಬೇಡಿ. ಓಡ್ತಾ ಓಡ್ತಾ ಹಿಡ್ಕೊಂಡ್ರೆ ಕಷ್ಟ."

ಓಡುವ ಗಾಡಿಯ ಇಂಜಿನ್ ಹಿಡಿದುಕೊಂಡು ಹಠಾತ್ತನೆ ನಿಂತುಬಿಟ್ಟರೆ ಗತಿಯೇನು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಆದರೆ ಅವತ್ತಿನಿಂದ ಗಾಡಿ ಎತ್ತಿನ ಗಾಡಿಯಂತೆ ಹೋಗತೊಡಗಿತು. ಸ್ಕೂಟರಿನವರು ಹಿಂದೆ ಹಾಕಿದರೂ ಯಜಮಾನರು ಕಿವಿಯನ್ನು ಇಂಜಿನ್ನಿಗೇ ಕೊಟ್ಟು ಕೂತಿರುತ್ತಿದ್ದರು. ಸದ್ದು ಇದ್ದರೆ ಭಯ, ಹೋದರೆ ಇನ್ನೂ ಭಯ ಅನ್ನುವ ಸ್ಥಿತಿ ನನ್ನದು.

ನಮ್ಮತ್ತೆಯ ತವರು ಮೇಲೂರು. ಹುಟ್ಟಿದಾಗಿನಿಂದ ರೇಷ್ಮೆ ಹುಳದ ಮನೆಯಲ್ಲಿ ಬೆಳೆದವರು. ದೊಡ್ಡ ಹುಳಗಳು ಸೊಪ್ಪು ತಿನ್ನುವ ಸರಸರ ಸದ್ದನ್ನು ಪಕ್ಕದ ಕೋಣೆಯಲ್ಲಿ ಮಲಗಿಯೇ ಕೇಳಿ ಬೆಳೆ ಹೇಗಿದೆ ಅಂತ ಹೇಳುವವರು. ಅವರು ಕಾರಿನ ಪಕ್ಕ ನಿಂತು ಆಲಿಸಿ ಮಗನಿಗೆ ಧೈರ್ಯ ಹೇಳಿದರು.

"ಏಮೀ ಕಾದು, ಏನೂ ಆಗಲ್ಲ ಬಿಡಪ್ಪ. ಸದ್ದು ಮಾಡ್ತಿದೆ ಅಂದ್ರೆ ಚೆನ್ನಾಗೈತೆ ಅಂತ. ಸದ್ದು ನಿಂತ್ರೆ ಎದ್ದು ನೋಡ್ಬೇಕು."

ಹುಳಕ್ಕೂ ಕಾರಿಗೂ ಎತ್ತಣ ಸಂಬಂಧ ಅಂತ ನಕ್ಕೆ. ಆದರೆ ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ.

ಗೌರಿಬಿದನೂರಿನಲ್ಲಿ ನನ್ನಕ್ಕನ ಮನೆ. ಅಲ್ಲಿಗೆ ಹೋದಾಗ ಭಾವ ಹೇಳಿದರೆಂದು ಯಜಮಾನರು ಗಾಡಿಯನ್ನು ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ತೋರಿಸಿದರು. ಅವನು ಏನನ್ನೂ ಬಿಚ್ಚಲಿಲ್ಲ. ಇದ್ದ ಆಯಿಲ್ ಇಳಿಸಿ ಅದಕ್ಕಿಂತ ಗಟ್ಟಿ ಆಯಿಲ್ ಹಾಕಿದ. ಟಿಕ್‌ಟಿಕ್ ಮಾಯ. ಯಾಕೆ ಬಂತು, ಯಾಕೆ ಹೋಯಿತು ಅಂತ ಕೇಳಿದರೆ, "ಹೋಯ್ತಲ್ಲ ಅಕ್ಕ, ಬಿಡಿ" ಅಂದ. ಕಾಯಿಲೆ ವಾಸಿಯಾಯಿತೋ ಬರೀ ಬಾಯಿ ಮುಚ್ಚಿತೋ, ಯಾರಿಗೂ ಬೇಕಿರಲಿಲ್ಲ. ನನಗೆ ಬೇಕಿತ್ತು.

ವಾಪಸು ಬರುವಾಗ ಚಿಕ್ಕಬಳ್ಳಾಪುರ ದಾಟುತ್ತಿದ್ದಂತೆ ಸ್ಪೀಡಿನ ಮುಳ್ಳು ಅರವತ್ತನ್ನು ಬಿಟ್ಟು ಮೇಲೇರಿತು. ತೊಂಬತ್ತು, ನೂರು. ಇಂಜಿನ್ನಿನಲ್ಲಿ ಒಂದಿಷ್ಟೂ ಟಿಕ್‌ಟಿಕ್ ಇಲ್ಲ. ಯಜಮಾನರ ಮುಖದಲ್ಲಿ ಹಳೆಯ ನಗು. ನಿಧಾನ ಅಂತ ನಾನು ಮೂರು ಸಲ ಹೇಳಿದೆ, ಆಮೇಲೆ ಬಾಗಿಲಿನ ಹಿಡಿಗೆ ಕೈಹಾಕಿದೆ.

"ನಿಲ್ಲಿಸ್ರೀ. ನಾನೂ ಮಗೂನೂ ಬಸ್ಸಲ್ಲಿ ಬರ್ತೀವಿ."

ಬರೀ ಬೆದರಿಕೆ ಅಂದುಕೊಂಡಿರಬೇಕು, ನಿಲ್ಲಿಸಿದರು. ನಾನು ಮಗಳ ಕೈಹಿಡಿದು ಇಳಿದೇಬಿಟ್ಟೆ. ಅಷ್ಟರಲ್ಲಿ ಶಿಡ್ಲಘಟ್ಟದ ಕಡೆಯ ಪ್ರೈವೇಟ್ ಬಸ್ಸು ಬಂತು, ಕೈ ಅಡ್ಡ ಹಾಕಿ ಹತ್ತಿದೆವು.

ಹಟಕ್ಕೆ ಹತ್ತಿದ್ದೇನೋ ಸರಿ, ಹಿಂದೆ ಬರುತ್ತಿದ್ದ ಇನ್ನೊಂದು ಬಸ್ಸಿಗಿಂತ ಮೊದಲು ಸ್ಟ್ಯಾಂಡ್ ಸೇರಿ ಜನ ಹತ್ತಿಸಿಕೊಳ್ಳುವ ಅವಸರ ನಮ್ಮ ಡ್ರೈವರಿಗೆ. ಬಸ್ಸು ಹಾರಿತು. ಒಂದು ತಿರುವಿನಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಎದುರಿನ ಟ್ರ್ಯಾಕ್ಟರ್ ಮಣ್ಣಿಗಿಳಿಯಿತು. ಮಗಳನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ.

ಶಿಡ್ಲಘಟ್ಟ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಯಜಮಾನರು ಓಡಿ ಬಂದು ಕಿಟಕಿ ಸರಳು ಹಿಡಿದರು. ದಾರಿಯುದ್ದಕ್ಕೂ ಬಸ್ಸಿನ ಹಿಂದೆಯೇ ಬಂದಿದ್ದರು.

"ಇಳಿ ಕಣೆ. ಮಗೂನ ಇಳಿಸು ಮೊದ್ಲು. ಆ ನನ್ಮಗ ತಿರುವಲ್ಲಿ ಲಾರಿ ಹಿಂದಾಕ್ದ, ನೋಡಿದ್ಯಾ? ನೀವಿಬ್ರೂ ಒಳಗಿದ್ರಿ. ನಾನು ಹಿಂದಿಂದ ನೋಡ್ತಿದ್ದೆ. ಏನೂ ಮಾಡಕ್ಕಾಗ್ಲಿಲ್ಲ."

"ಪಕ್ಕದ ಸೀಟಲ್ಲಿ ಕೂತು ನಾನು ದಿನಾ ನೋಡ್ತಿದ್ದದ್ದು ಅದೇ ಅಲ್ವೇನ್ರೀ."

ಅವರು ಮಗಳನ್ನು ಇಳಿಸಿಕೊಂಡು, ಕಾರಿನ ಕೀಯನ್ನು ನನ್ನ ಕೈಯಲ್ಲಿಟ್ಟು, ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತರು.

"ಸ್ವಲ್ಪ ಹೊತ್ತು ಇಲ್ಲೇ ಕೂರಣ. ನೀನು ಕೀ ಕೊಟ್ಟಾಗ ಹೊರಡಣ, ಅರವತ್ತು ದಾಟಿಸಲ್ಲ," ಅಂದರು.